ಹೊಸ ಎಲೆಕ್ಟ್ರಿಕ್ ಎಸ್‌ಯುವಿ: ಮನೆ ಚಾರ್ಜಿಂಗ್ ನಡುರಾತ್ರಿ ನಿಲ್ಲುತ್ತಿದೆ, ಕೆಲವು ದಿನ ಮಾತ್ರ ಸರಿ

ಉಣಕಲ್_ಸವಾರ

ಎಲ್ಲರಿಗೂ ನಮಸ್ಕಾರ. ಗಾಡಿ ಬಂದು ಎರಡೂವರೆ ತಿಂಗಳಾಯಿತು. 4,100 ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ, ತಪ್ಪು ಯಾರದ್ದು ಅಂತ ಇನ್ನೂ ಗೊತ್ತಿಲ್ಲ. ಬ್ಯಾಟರಿ 50 ಕಿಲೋವ್ಯಾಟ್ ಅವರ್ ಆಸುಪಾಸಿನದು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ದಿನಾ ಹುಬ್ಬಳ್ಳಿ-ಧಾರವಾಡ ಓಡಾಟಕ್ಕೆ ಇದಕ್ಕಿಂತ ಬೇರೆ ಬೇಡ. ಧಾರವಾಡ ಎತ್ತರದಲ್ಲಿದೆ ಅಂತ ಇಷ್ಟು ವರ್ಷ ಪುಸ್ತಕದಲ್ಲಿ ಓದಿದ್ದೆ, ಈಗ ಮೀಟರ್‌ನಲ್ಲಿ ಕಾಣುತ್ತದೆ. ಹೋಗುವಾಗ ಚಾರ್ಜ್ ಜಾಸ್ತಿ ತಿನ್ನುತ್ತದೆ, ಬರುವಾಗ ಕಡಿಮೆ. ಗದಗಿಗೆ ಹೋದಾಗ ಮಾತ್ರ ಅಣ್ಣಿಗೇರಿ ದಾಟಿದ ಮೇಲೆ ಎದುರುಗಾಳಿಗೆ ಸಿಕ್ಕು ರೇಂಜ್ ಸರಸರ ಇಳಿಯಿತು. ಅದೇನು ದೂರು ಅಲ್ಲ.

ದೂರು ಚಾರ್ಜಿಂಗ್‌ದು. ಮನೆಯಲ್ಲಿ 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಇದೆ. ಲೋಡ್ ಹೆಚ್ಚಿಸಿಕೊಂಡೇ ಹಾಕಿಸಿದ್ದು. ಜನವರಿ, ಫೆಬ್ರುವರಿ ಒಂದು ದಿನವೂ ತೊಂದರೆ ಇಲ್ಲ. ಮಾರ್ಚ್ ಶುರುವಾಗಿದ್ದೇ ತಡ, ರಾತ್ರಿ 11ಕ್ಕೆ ಹಚ್ಚಿದರೆ ಯಾವಾಗಲೋ ನಿಂತುಬಿಡುತ್ತದೆ. ಬೆಳಿಗ್ಗೆ ನೋಡಿದರೆ ಕೆಂಪು ದೀಪ ಮಿಣಮಿಣ. 4ನೇ ತಾರೀಖು 41 ಪರ್ಸೆಂಟ್‌ಗೆ ನಿಂತಿತು, 5ರಂದು 63ಕ್ಕೆ. 6ರಂದು ಪೂರ್ತಿ ಆಯಿತು. ಸರಿಹೋಯಿತು ಅಂದುಕೊಂಡರೆ 7ರಿಂದ ಮತ್ತೆ ಅದೇ ಕಥೆ. ಆಮೇಲೆ ಪೂರ್ತಿ ಆಗಿದ್ದು 14ರಂದು, ಮತ್ತೆ 22ರಂದು. ನಡುವಿನ ದಿನಗಳೆಲ್ಲ ಅರ್ಧಂಬರ್ಧ.

ಗಾಡಿ ಜೊತೆ ಕೊಟ್ಟ 15 ಆಂಪ್ ಪ್ಲಗ್ಗಿನ ಸಣ್ಣ ಚಾರ್ಜರ್ ಹಚ್ಚಿದರೂ ಇದೇ ಗತಿ. ಸರ್ವಿಸ್ ಸೆಂಟರ್‌ನಲ್ಲಿ ಎರಡು ಸಲ ನೋಡಿದರು. ಅಲ್ಲಿ ಹಚ್ಚಿದರೆ ಸೊಗಸಾಗಿ ಆಗುತ್ತದೆ. ಹೆದ್ದಾರಿ ಪಕ್ಕದ ಫಾಸ್ಟ್ ಚಾರ್ಜರ್‌ನಲ್ಲೂ ಆಗುತ್ತದೆ. ಏನು ಮಾಡಲಿ?

ಸಪ್ತಾಪುರ_ಸುತ್ತಾಟ

ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿದಿರಾ ಸರ್? ನನ್ನದೂ ಹೀಗೆ ಮಾಡುತ್ತಿತ್ತು, ಅಪ್‌ಡೇಟ್ ಆದ ಮೇಲೆ ನಿಂತಿತು.

ಉಣಕಲ್_ಸವಾರ

ಮಾಡಿಸಿದೆ. ಏನೂ ಬದಲಾಗಲಿಲ್ಲ.

ಬ್ಯಾಡಗಿ_ಖಾರ

ನಮ್ಮ ಹಾವೇರಿ ಕಡೆ ವೈರ್‌ಮನ್‌ಗಳು ಇದಕ್ಕೆ ಎರಡು ನಿಮಿಷದ ಔಷಧ ಕೊಡ್ತಾರೆ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಿಬಿಡೋದು. ಕೆಂಪು ದೀಪ ಮತ್ತೆ ಬರೋದೇ ಇಲ್ಲ. ನಮ್ಮ ಓಣಿಯಲ್ಲಿ ಒಬ್ಬರ ಸ್ಕೂಟರ್ ಚಾರ್ಜರ್‌ಗೆ ಹಾಗೇ ಮಾಡಿದ್ದಾರೆ.

ಹಳೇ_ವೈರ್‌ಮನ್

ಬ್ಯಾಡಗಿಯವರೇ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಆ ಓಣಿಯವರಿಗೆ ಇವತ್ತೇ ಹೇಳಿ ಬಿಚ್ಚಿಸಿ. ತುಂಡು ವೈರ್ ಚಾರ್ಜರ್‌ನ ಕಣ್ಣಿಗೆ ಬಟ್ಟೆ ಕಟ್ಟುತ್ತದೆ, ಅಷ್ಟೇ. ನಾಳೆ ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿಯಿತು ಅಂತ ಇಟ್ಟುಕೊಳ್ಳಿ. ಮನೆಯ ಫ್ಯಾನು, ಫ್ರಿಜ್ಜು, ಬಲ್ಬುಗಳ ಮೂಲಕ ಆ ನ್ಯೂಟ್ರಲ್ ತಂತಿಗೆ ಫೇಸ್ ಬಂದು ಕೂರುತ್ತದೆ. ಅಲ್ಲಿಂದ ನಿಮ್ಮ ತುಂಡು ವೈರ್ ಹಿಡಿದು ಗಾಡಿಯ ಮೈಗೆ 230 ವೋಲ್ಟ್. ಮಳೆಯಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದರೆ ಏನಾಗುತ್ತದೆ ಅಂತ ನಾನು ಬರೆಯಬೇಕಾ?

ಉಣಕಲ್‌ನವರೇ, ಎರಡು ಚಾರ್ಜರ್‌ಗೂ ಅದೇ ರೋಗ, ಬೇರೆ ಕಡೆ ರೋಗವಿಲ್ಲ ಅಂದರೆ ಗಾಡಿ ಬಿಟ್ಟುಬಿಡಿ. ನಿಮ್ಮ ಮನೆ ಅರ್ಥಿಂಗ್ ನೋಡಿ. ಚಾರ್ಜರ್ ಶುರುವಿನಲ್ಲಿ ಒಂದೇ ಸಲ ಅಲ್ಲ, ನಡುವೆಯೂ ಅರ್ಥ್ ಸರಿ ಇದೆಯಾ ಅಂತ ನೋಡುತ್ತಿರುತ್ತದೆ. ಅಂಚಿನಲ್ಲಿದ್ದರೆ ಒಮ್ಮೆ ಪಾಸ್, ಒಮ್ಮೆ ಫೇಲ್.

ಇನ್ನೊಂದು ಪ್ರಶ್ನೆ, ನಗಬೇಡಿ. ನಿಮ್ಮ ಓಣಿಗೆ ನಳ ಯಾವ ಯಾವ ದಿನ ಬಂದಿತ್ತು?

ಉಣಕಲ್_ಸವಾರ

ಅರ್ಥಿಂಗ್ ಚಾರ್ಜರ್ ಹಾಕಿದವರೇ ಚೆಕ್ ಮಾಡಿದ್ದರು. ಫೇಸ್‌ನಿಂದ ಅರ್ಥ್‌ಗೆ 100 ವ್ಯಾಟ್ ಬಲ್ಬ್ ಹಿಡಿದು ತೋರಿಸಿದರು, ಜಗ್ಗನೆ ಉರಿಯಿತು. ಹೋದ ವಾರ ಮತ್ತೊಬ್ಬರು ಬಂದು ಹಾಗೇ ಹಿಡಿದರು, ಆಗಲೂ ಉರಿಯಿತು.

ನಳದ ಪ್ರಶ್ನೆ ಅರ್ಥ ಆಗಲಿಲ್ಲ. ಅವ್ವನನ್ನು ಕೇಳಿ ಹೇಳುತ್ತೇನೆ. ಅದೆಲ್ಲ ಅವಳ ಲೆಕ್ಕ.

ಉಣಕಲ್_ಸವಾರ

ಹಳೇ ವೈರ್‌ಮನ್ ಅವರೇ, ನೀವು ಯಾರ್ರೀ? ಅವ್ವ ಕ್ಯಾಲೆಂಡರ್‌ನಲ್ಲಿ ಗುಂಡು ಸುತ್ತಿ ಇಟ್ಟಿದ್ದಾಳೆ. 6, 14, 22. ಎಂಟು ದಿನಕ್ಕೊಮ್ಮೆ ನಳ. ಟ್ಯಾಂಕ್ ತುಂಬಿದ ಮೇಲೆ ಉಳಿದ ನೀರನ್ನು ಪೈಪ್ ಹಚ್ಚಿ ಹಿತ್ತಲಿನ ಕರಿಬೇವಿಗೆ ಬಿಡುತ್ತಾಳೆ. ಅರ್ಥಿಂಗ್ ಪೈಪ್ ಇರೋದು ಆ ಗಿಡದಿಂದ ಒಂದು ಗೇಣು ದೂರ!

ಸಪ್ತಾಪುರ_ಸುತ್ತಾಟ

ಯಪ್ಪಾ. ನನ್ನ ಸಾಫ್ಟ್‌ವೇರ್ ಸಲಹೆ ವಾಪಸ್ ತಗೋತೀನಿ.

ಹಳೇ_ವೈರ್‌ಮನ್

ನಾನು ಯಾರೂ ಅಲ್ಲ, ಈ ಎರೆ ಮಣ್ಣಲ್ಲಿ ನಲವತ್ತು ವರ್ಷ ಗುಂಡಿ ತೋಡಿದವನು. ಎರೆ ಮಣ್ಣು ಒದ್ದೆ ಇದ್ದಾಗ ಅರ್ಥಿಂಗ್‌ಗೆ ಬಂಗಾರ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆಗ ಪೈಪಿನ ಸುತ್ತ ಮಣ್ಣು ಸರಿದು ಸಂದು ಬೀಳುತ್ತದೆ. ಪೈಪ್ ನೆಲದಲ್ಲಿ ಇದ್ದರೂ ನೆಲಕ್ಕೆ ತಾಗಿರೋದಿಲ್ಲ. ಹಿತ್ತಲಿಗೆ ಹೋಗಿ ನೋಡಿ, ಪೈಪಿನ ಪಕ್ಕ ಬೆರಳು ತೂರುವಷ್ಟು ಸಂದು ಇದ್ದರೆ ಆಶ್ಚರ್ಯ ಇಲ್ಲ.

ಬಲ್ಬ್ ಪರೀಕ್ಷೆಯ ಬಗ್ಗೆ. 100 ವ್ಯಾಟ್ ಬಲ್ಬ್ ಎಳೆಯೋದು 0.4 ಆಂಪ್ ಮಾತ್ರ. ಅರ್ಥ್ ರೆಸಿಸ್ಟೆನ್ಸ್ (ನೆಲಕ್ಕೆ ಕರೆಂಟ್ ಹೋಗೋಕೆ ಇರುವ ತಡೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 60 ಓಮ್ ಇದ್ದರೂ ಅಲ್ಲಿ ಹೋಗೋದು 25 ವೋಲ್ಟ್‌ಗಿಂತ ಕಡಿಮೆ. ಬಲ್ಬಿಗೆ 205 ಸಿಕ್ಕೇ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು? ಅರ್ಥ್ ತಂತಿ ಪೂರ್ತಿ ಕಡಿದಿದೆಯಾ ಅಂತ ನೋಡೋಕೆ ಬಲ್ಬ್ ಸಾಕು. ಎಷ್ಟು ಚೆನ್ನಾಗಿದೆ ಅಂತ ಹೇಳೋಕೆ ಅರ್ಥ್ ಟೆಸ್ಟರ್ ಬೇಕು. ಎರಡು ಸಣ್ಣ ಗೂಟ ನೆಲಕ್ಕೆ ಹೊಡೆದು ಅಳೆಯುತ್ತಾರಲ್ಲ, ಅದು. ಅದನ್ನು ತರುವವರನ್ನೇ ಕರೆಸಿ.

ಆರ್‌ಸಿಸಿಬಿ, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇದೆಯಾ? ಇಲ್ಲದಿದ್ದರೆ ಮೊದಲು ಅದು. 60 ಓಮ್ ಅರ್ಥಿಂಗ್‌ನಲ್ಲಿ ಗಾಡಿ ಮೈಗೆ ಫೇಸ್ ತಾಗಿದರೂ ನೆಲಕ್ಕೆ ಹೋಗೋದು 4 ಆಂಪ್‌ಗಿಂತ ಕಡಿಮೆ. ನಿಮ್ಮ 32 ಆಂಪ್ ಎಂಸಿಬಿಗೆ (ಲೋಡ್ ಮೀರಿದಾಗ ಬೀಳುವ ಸ್ವಿಚ್ಚಿಗೆ) ಅದು ಲೆಕ್ಕಕ್ಕೇ ಇಲ್ಲ, ಬೀಳೋದೇ ಇಲ್ಲ. 30 ಮಿಲಿ ಆಂಪ್ ಆರ್‌ಸಿಸಿಬಿ ಬೀಳುತ್ತದೆ.

ಗದಗ_ಗಾಳಿ

ಸುಮ್ನೆ ದಿನಾ ಎರಡು ಕೊಡ ನೀರು ಹಾಕಿದರೆ ಆಗಲ್ವಾ?

ಹಳೇ_ವೈರ್‌ಮನ್

ಹೊಸ ಅರ್ಥಿಂಗ್ ಗುಂಡಿ ಆಗುವವರೆಗೆ ಹಾಕಿ, ತಪ್ಪಿಲ್ಲ. ಆದರೆ ಎಂಟು ದಿನಕ್ಕೊಮ್ಮೆ ನಳ ಬರುವ ಊರಲ್ಲಿ ಗುಂಡಿಗೆ ದಿನಾ ನೀರು ಯಾರು ಹಾಕ್ತಾರೆ? ಹತ್ತು ಅಡಿ ಆಳಕ್ಕೆ ಹೋಗಿ, ಅಲ್ಲಿ ಬೇಸಿಗೆಯಲ್ಲೂ ಪಸೆ ಇರುತ್ತದೆ. ಪೈಪಿನ ಸುತ್ತ ಇದ್ದಿಲು-ಉಪ್ಪು ತುಂಬೋದು ಹಳೇ ಪದ್ಧತಿ, ಕೆಲಸ ಮಾಡುತ್ತದೆ, ಆದರೆ ಉಪ್ಪು ಜಿಐ (ಸತು ಲೇಪದ ಕಬ್ಬಿಣ) ಪೈಪನ್ನು ತಿನ್ನುತ್ತದೆ. ನಾನಾದರೆ ತಾಮ್ರ ಲೇಪದ ರಾಡ್, ಸುತ್ತ ಬೆಂಟೋನೈಟ್ (ಪಸೆ ಹಿಡಿದಿಡುವ ಜೇಡಿಮಣ್ಣು).

ಉಣಕಲ್_ಸವಾರ

ಕೆಲಸ ಮುಗಿಯಿತು, ವಿವರ ಹಾಕುತ್ತಿದ್ದೇನೆ.

ಟೆಸ್ಟರ್ ತಂದವರು ಅಳೆದಾಗ ಹಳೇ ಪೈಪ್ 64 ಓಮ್. ನನ್ನೆದುರೇ ನಾಲ್ಕು ಕೊಡ ನೀರು ಸುರಿದು ಅರ್ಧ ಗಂಟೆ ಬಿಟ್ಟು ಅಳೆದರು, 23. ತೋಡಿ ನೋಡಿದರೆ ಪೈಪ್ ಇದ್ದದ್ದೇ ನಾಲ್ಕೂವರೆ ಅಡಿ. ಮನೆ ಕಟ್ಟಿದಾಗ ಬಂಡೆ ಸಿಕ್ಕಿತು ಅಂತ ಅಷ್ಟಕ್ಕೇ ಬಿಟ್ಟಿದ್ದರಂತೆ. ಬಂಡೆ ಎಲ್ಲಿ? ಹತ್ತು ಅಡಿವರೆಗೂ ಬರೀ ಮಣ್ಣು. ಮೇಲಿನ ಮೂರು ಅಡಿ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು. ಆರಡಿಗೆ ಹೋದ ಮೇಲೆ ಮುದ್ದೆ ಕಟ್ಟುವ ಹಾಗಿತ್ತು. ಕೈಯಲ್ಲಿ ಹಿಡಿದು ನೋಡಿದೆ, ತಣ್ಣಗಿತ್ತು. ಪೈಪಿನ ಕ್ಲ್ಯಾಂಪ್ ತುಕ್ಕು ತಿಂದು ಹಪ್ಪಳವಾಗಿತ್ತು, ಅಲ್ಲಿಂದ ಒಳಗೆ ಹೋದ ತಂತಿಯೂ ತೆಳ್ಳಗಿನದು.

ಈಗ ಹತ್ತು ಅಡಿ ರಾಡ್, ಬೆಂಟೋನೈಟ್, ಚಾರ್ಜರ್‌ವರೆಗೆ ನಡುವೆ ಜೋಡಣೆ ಇಲ್ಲದ ಒಂದೇ ತಾಮ್ರದ ತಂತಿ, ಮೇಲೆ ಮುಚ್ಚಳ ಇರುವ ಚೌಕಟ್ಟು. 3.8 ಓಮ್ ಬಂತು. ಆರ್‌ಸಿಸಿಬಿ ಇರಲಿಲ್ಲ, ಹಾಕಿಸಿದೆ. ಹಾಕಿದ ದಿನವೇ ಅದು ಬಿತ್ತು. ಹುಡುಕಿದರೆ ಗಾಡಿ ಅಲ್ಲ, ಹಳೇ ಗೀಸರ್. ಅದೂ ಹೋಯಿತು ಗುಜರಿಗೆ.

ಸಪ್ತಾಪುರ_ಸುತ್ತಾಟ

ಭಾರೀ ಆಯ್ತು. ಒಂದು ಉಪಪ್ರಶ್ನೆ. ಗೃಹಜ್ಯೋತಿ ಏನಾಯಿತು ನಿಮ್ಮದು?

ಉಣಕಲ್_ಸವಾರ

ಅದು ಹೋಯಿತು ಅಂತ ಲೆಕ್ಕ. ಮೊದಲು ತಿಂಗಳಿಗೆ 110 ಯೂನಿಟ್ ಆಗುತ್ತಿತ್ತು, ಬಿಲ್ ಸೊನ್ನೆ. ಈಗ ತಿಂಗಳಿಗೆ 25 ದಿನ, ದಿನಕ್ಕೆ 45 ಕಿ.ಮೀ., ಯೂನಿಟ್‌ಗೆ 7 ಕಿ.ಮೀ. ಹಿಡಿದರೂ ಗಾಡಿಗೇ 160, ಚಾರ್ಜಿಂಗ್‌ನಲ್ಲಿ ಸೋರಿದ್ದು ಸೇರಿ 180. ಒಟ್ಟು 290. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಮೇಲಿನ 90ಕ್ಕೆ ಮಾತ್ರ ಅಲ್ಲ. ಹಾಗಂತ ಡೀಸೆಲ್ ಗಾಡಿಯ ಖರ್ಚಿನ ಮುಂದೆ ಇದು ಏನೂ ಅಲ್ಲ. ಗಾಡಿಗೆ ಬೇರೆ ಮೀಟರ್ ಸಿಗುತ್ತದಾ ಅಂತ ಹೆಸ್ಕಾಂನಲ್ಲಿ ಕೇಳಲು ಹೋಗುವವನಿದ್ದೇನೆ. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಇದನ್ನು ಪರಿಹಾರವಾಯಿತು ಅಂತ ಮುಚ್ಚಬಹುದು.

ಗುಂಡಿ ತೋಡುವಾಗ ಕರಿಬೇವಿನ ಬೇರಿಗೆ ಪೆಟ್ಟಾಗಿದೆ. ಎಲೆ ಉದುರುತ್ತಿದೆ. ಅವ್ವ ಮೂರು ದಿನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಇದಕ್ಕೇನಾದರೂ ಗೊತ್ತಿದ್ದರೆ ಹೇಳಿ.

ಹಳೇ_ವೈರ್‌ಮನ್

ಮೇಲಿನ ಕೊಂಬೆ ಕತ್ತರಿಸಿ ಹುಳಿ ಮಜ್ಜಿಗೆ ಹಾಕಿ.