ಹಳೇ ಮೈಕ್ ಪ್ರೀಆಂಪ್ ಕಾರ್ಡ್ ನಾಲ್ಕು ಸಿಕ್ಕಿವೆ, ರ‍್ಯಾಕ್‌ಗೆ ಕೂರಿಸೋದು ಹೇಗೆ?

ತಂತಿಗೂಡು:
ಎಲ್ರಿಗೂ ನಮಸ್ಕಾರ. ನೀವ್ (Neve) ಕಂಪನಿಯ ಹಳೇ ಮಿಕ್ಸಿಂಗ್ ಕನ್ಸೋಲ್‌ಗಳಲ್ಲಿ ಬರ್ತಿದ್ದ ಬಿಎ283 ಕಾರ್ಡ್ ನಾಲ್ಕು ಕೈಗೆ ಬಂದಿವೆ, ಬರೀ ಕಾರ್ಡ್ ಅಷ್ಟೇ, ಟ್ರಾನ್ಸ್‌ಫಾರ್ಮರ್ ಇಲ್ಲ, ಮಾಡ್ಯೂಲ್ ಡಬ್ಬ ಇಲ್ಲ, ಏನೂ ಇಲ್ಲ. ಇದನ್ನ ಇಟ್ಕೊಂಡು ನಾಲ್ಕು ಚಾನೆಲ್ ಮೈಕ್ ಪ್ರೀ (ಮೈಕ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡೋದು) ಮಾಡಿ ಒಂದೇ 1ಯು ಎತ್ತರದ ರ‍್ಯಾಕ್ ಡಬ್ಬದೊಳಗೆ ಹಾಕ್ಬೇಕು ಅಂತ ಆಸೆ. ಸೋಲ್ಡರಿಂಗ್ ಬರುತ್ತೆ, ಗಿಟಾರ್ ಪೆಡಲ್ ಎಲ್ಲಾ ಮಾಡಿದೀನಿ, ಆದ್ರೆ ಕರೆಂಟ್‌ಗೆ ನೇರ ಸಂಬಂಧ ಇರೋ ಪವರ್ ಸಪ್ಲೈ ಇನ್ನೂ ಮುಟ್ಟಿಲ್ಲ. ಮೂರು ಪ್ರಶ್ನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನಿಜವಾಗ್ಲೂ ಬೇಕಾ, ಕೆಪ್ಯಾಸಿಟರ್ ಹಾಕಿ ಹೊರಗೆ ತೆಗೆದ್ರೆ ಆಗಲ್ವಾ? ಲ್ಯಾಪ್‌ಟಾಪ್ ಚಾರ್ಜರ್ ಥರದ 24 ವೋಲ್ಟ್ ಅಡಾಪ್ಟರ್ ಸಾಕಾ? ಹಳೇ ಕೆಪ್ಯಾಸಿಟರ್ ಎಲ್ಲಾ ಕಿತ್ತು ಹೊಸದು ಹಾಕ್ಬೇಕಾ, ಇಲ್ಲಾ ಹಾಗೇ ಬಿಟ್ರೆ "ವಿಂಟೇಜ್ ಸೌಂಡ್" ಉಳಿಯುತ್ತಾ?

ಅರ್ಥ್‌ಲೂಪ್:
ಮೊದಲನೇದಕ್ಕೆ ಉತ್ತರ: ಬೇಕೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆ ಕಾರ್ಡ್ ಕೊನೇಲಿ ಇರೋ ದಪ್ಪ ಲೋಹದ 2ಎನ್3055 ಇದ್ಯಲ್ಲ, ಅದು ಕ್ಲಾಸ್ ಎ, ಅಂದ್ರೆ ಯಾವಾಗ್ಲೂ ಕರೆಂಟ್ ಹರೀತಿರೋ ಒಂಟಿ ಟ್ರಾನ್ಸಿಸ್ಟರ್, ಅದಕ್ಕೆ ಬೇಕಾದ ಡಿಸಿ ಕರೆಂಟ್ ಹರಿದು ಬರೋದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಮೂಲಕ. ಅದನ್ನ ತೆಗೆದ್ರೆ ಸರ್ಕ್ಯೂಟೇ ಅರ್ಧ ಆಯ್ತು. ಕೈಗೆ ಸಿಕ್ಕಿದ ಯಾವುದೋ ಲೈನ್ ಟ್ರಾನ್ಸ್‌ಫಾರ್ಮರ್ ಹಾಕೋಣ ಅಂದ್ರೂ ಆಗಲ್ಲ, ಯಾಕಂದ್ರೆ ಡಿಸಿ ಹರಿದ ತಕ್ಷಣ ಸಾಮಾನ್ಯ ಕೋರ್ ಸ್ಯಾಚುರೇಟ್ ಆಗಿ ಕೆಳಗಿನ ಫ್ರೀಕ್ವೆನ್ಸಿ (ಬಾಸ್) ಎಲ್ಲಾ ಹಾಳಾಗುತ್ತೆ, ಇದಕ್ಕೆ ಕೋರ್ ಮಧ್ಯೆ ಗ್ಯಾಪ್ ಬಿಟ್ಟು ಸುತ್ತಿರೋದೇ ಬೇಕು. ಎಲ್ಒ1166 ಅಂತ ಹುಡುಕಿ, ಅದೇ ಸ್ಪೆಕ್‌ಗೆ ಇವತ್ತೂ ಸುತ್ತಿ ಮಾರೋರು ಇದಾರೆ. ಇನ್‌ಪುಟ್‌ಗೆ 10468 ಮಾದರಿದು. ಅದರ ಪ್ರೈಮರಿ ಎರಡು ಭಾಗ ಇರುತ್ತೆ, ಸೀರೀಸ್‌ನಲ್ಲಿ ಕೊಟ್ರೆ 1200 ಓಮ್, ಪ್ಯಾರಲಲ್ ಕೊಟ್ರೆ 300 ಓಮ್ ಇನ್‌ಪುಟ್. ರಿಬ್ಬನ್ ಮೈಕ್ ಇಟ್ಕೊಂಡಿದ್ರೆ 1200ಕ್ಕೇ ಕಟ್ಟಿ, 300 ಅದಕ್ಕೆ ತುಂಬಾ ಭಾರ ಆಗುತ್ತೆ.

ಜನ ಕಾರ್ಡ್ ಸಿಕ್ತು ಅಂತ ಕುಣೀತಾರೆ, ಅಸಲಿಗೆ ಕಾರ್ಡ್ ಈ ಕೆಲಸದ ಅಗ್ಗದ ಭಾಗ. ಬಜೆಟ್‌ನಲ್ಲಿ ಮುಕ್ಕಾಲು ಭಾಗ ಟ್ರಾನ್ಸ್‌ಫಾರ್ಮರ್‌ಗೆ ಅಂತ ಇಟ್ಕೊಳ್ಳಿ, ಉಳಿದಿದ್ರಲ್ಲಿ ಡಬ್ಬ, ಸ್ವಿಚ್ಚು, ಸಪ್ಲೈ.

ಮಲ್ಟಿಮೀಟರ್_ಮಾವ:
ಕೆಪ್ಯಾಸಿಟರ್ ವಿಷಯ ನಾನು ಹೇಳ್ತೀನಿ. ಈ ಕಾರ್ಡ್ ಇರ್ತಿದ್ದ ನೀವ್ 1073 ಪ್ರೀಆಂಪ್ ಮಾಡ್ಯೂಲ್ ಬಂದಿದ್ದೇ 1970ರಲ್ಲಿ, ಅಂದ್ರೆ ಆ ಕಾಲದ ಕಾರ್ಡ್‌ನಲ್ಲಿರೋ ಎಲೆಕ್ಟ್ರೋಲೈಟಿಕ್‌ಗೆ ಅರ್ಧ ಶತಮಾನ ವಯಸ್ಸು ತಮ್ಮಾ, ಒಣಗಿರುತ್ತೆ, ಕಿತ್ತು ಹೊಸದು ಹಾಕು, ಸೌಂಡ್ ಹೋಗುತ್ತೆ ಅನ್ನೋದೆಲ್ಲ ಮಾರಾಟದೋರ ಮಾತು. ಟ್ಯಾಂಟಲಂ ಇನ್ನೂ ಅಪಾಯ, ಅದು ಕೆಡುವಾಗ ಸುಮ್ನೆ ಕೆಡಲ್ಲ, ಶಾರ್ಟ್ ಆಗಿ ಪಕ್ಕದಲ್ಲಿರೋದನ್ನೂ ಕರ್ಕೊಂಡು ಹೋಗುತ್ತೆ. ರೆಸಿಸ್ಟರ್ ಮುಟ್ಬೇಡ, ಸುಟ್ಟಿಲ್ದೇ ಇದ್ರೆ. ಟ್ರಾನ್ಸಿಸ್ಟರ್ ಕೂಡ ಸುಮ್‌ಸುಮ್ನೆ ಬದಲಾಯಿಸ್ಬೇಡ, ಅಕಸ್ಮಾತ್ ಬಿಸಿ184 (BC184) ಅನ್ನೋ ಸಣ್ಣ ಟ್ರಾನ್ಸಿಸ್ಟರ್ ಬದಲಾಯಿಸ್ಲೇಬೇಕು ಅಂದ್ರೆ ಕಾಲುಗಳ ಕ್ರಮ ನೋಡ್ಕೋ, ಬಿಸಿ184 ಕಾಲು ಬೇರೆ, ಕೊನೇಲಿ ಎಲ್ ಅಂತ ಇರೋ ಬಿಸಿ184ಎಲ್ ಕಾಲು ಬೇರೆ, ಹೆಸರು ಒಂದೇ ಥರ ಇದೆ ಅಂತ ಎಷ್ಟೋ ಜನ ಅಲ್ಲೇ ಎಡವಿದಾರೆ.

ಕಾರ್ಡ್ ತುದಿಯ ಕಾಂಟ್ಯಾಕ್ಟ್‌ಗಳನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸು. ಸ್ಯಾಂಡ್‌ಪೇಪರ್ ಹಿಡ್ಕೊಂಡು ಹತ್ರ ಹೋದ್ರೆ ನಿನ್ ಮೇಲೆ ಕೇಸ್ ಹಾಕ್ತೀನಿ.

ಪವರ್ ಕೊಡೋ ಮುಂಚೆ ಇನ್ನೊಂದು, 2ಎನ್3055ರ ಲೋಹದ ಮೈಯೇ ಕಲೆಕ್ಟರ್, ಅದು ಚಾಸಿಗೆ (ಡಬ್ಬದ ಲೋಹದ ಮೈಗೆ) ತಾಗಬಾರ್ದು, ಹೀಟ್‌ಸಿಂಕ್‌ಗೆ ಕೂರಿಸಿದ್ರೆ ಮೈಕಾ ವಾಷರ್ ಹಾಕಿ ಮೀಟರ್ ಇಟ್ಟು ಶಾರ್ಟ್ ಇಲ್ಲ ಅಂತ ನೋಡು. ಒಂದೊಂದೇ ಕಾರ್ಡ್, ಕರೆಂಟ್ ಲಿಮಿಟ್ ಇರೋ ಬೆಂಚ್ ಸಪ್ಲೈನಲ್ಲಿ. ಟ್ರಾನ್ಸ್‌ಫಾರ್ಮರ್ ಸಮೇತ ಒಂದು ಚಾನೆಲ್ ಸುಮಾರು 100 ಮಿಲಿ ಆಂಪ್ ಆಸುಪಾಸಲ್ಲಿ ನಿಲ್ಲುತ್ತೆ, ಅದಕ್ಕಿಂತ ಬಹಳ ಜಾಸ್ತಿ ಎಳೀತಿದ್ರೆ ತಕ್ಷಣ ಆಫ್. ಆಮೇಲೆ ಬಯಾಸ್ ಟ್ರಿಮ್‌ಪಾಟ್: ಆಸಿಲೋಸ್ಕೋಪ್ ಇದ್ರೆ ಸೈನ್ ವೇವ್ ಕೊಟ್ಟು ಮೇಲಿನ ಅರ್ಧ ಕೆಳಗಿನ ಅರ್ಧ ಎರಡೂ ಒಟ್ಟಿಗೇ ಕ್ಲಿಪ್ ಆಗೋ ತನಕ ತಿರುಗಿಸು. ಅರ್ಧ ಗಂಟೆ ಬಿಸಿಯಾದ್ಮೇಲೆ ಮತ್ತೆ ನೋಡು, ಸ್ವಲ್ಪ ಜರುಗಿರುತ್ತೆ.

ನಾಬ್‌ಪ್ರಿಯ:
ಇಷ್ಟೆಲ್ಲಾ ತಲೆನೋವು ಯಾಕೆ ಗುರೂ, ಎಪಿಐ 312 ಥರದ ಕಿಟ್ ತಗೊಂಡು 500 ಸೀರೀಸ್ ಡಬ್ಬಕ್ಕೆ (ಸಣ್ಣ ಮಾಡ್ಯೂಲ್‌ಗಳಿಗೆ ಪವರ್ ಕೊಡೋ ರೆಡಿ ಡಬ್ಬ) ಸಿಗಿಸಿದ್ರೆ ಮುಗೀತು. ಪ್ಲಸ್ ಮೈನಸ್ 16 ವೋಲ್ಟ್, 48 ವೋಲ್ಟ್ ಎಲ್ಲಾ ಅದೇ ಕೊಡುತ್ತೆ, ಹಮ್ಮೂ ಇಲ್ಲ ಗಿಮ್ಮೂ ಇಲ್ಲ.

ಅರ್ಥ್‌ಲೂಪ್:
ಒಳ್ಳೇ ದಾರಿನೇ, ಆದ್ರೆ ಅವರ ಕೈಲಿ ಈಗಾಗ್ಲೇ ಬಿಎ283 ಇದೆ, ಅದು 24 ವೋಲ್ಟ್ ಕುದುರೆ. 500ರೊಳಗೆ ಸೇರಿಸೋಕೆ ಹೋದ್ರೆ ಜಾಗನೂ ಸಾಲಲ್ಲ, ವೋಲ್ಟೇಜೂ ಹೊಂದಲ್ಲ.

ಈಗ ಅಡಾಪ್ಟರ್ ವಿಷಯ. ಸ್ವಿಚಿಂಗ್ ಅಡಾಪ್ಟರ್‌ನಲ್ಲಿ ಕಾರ್ಡ್ ಓಡುತ್ತೆ, ಓಡಲ್ಲ ಅಂತ ಹೇಳಲ್ಲ, ಆದ್ರೆ ಗೇನ್ 60 ಡಿಬಿ ದಾಟಿದ್ಮೇಲೆ ಅದರ ಕಸ ಎಲ್ಲಾ ಕೇಳ್ಸುತ್ತೆ. ಲೀನಿಯರ್ ಸಪ್ಲೈ ಕಟ್ಟಿ. 24 ವೋಲ್ಟ್ ಎಸಿ ಸೆಕೆಂಡರಿ ಇರೋ ಟೊರಾಯ್ಡ್ (ಉಂಗುರದ ಆಕಾರದ ಟ್ರಾನ್ಸ್‌ಫಾರ್ಮರ್), ಬ್ರಿಡ್ಜ್ ರೆಕ್ಟಿಫೈಯರ್ ಆದ್ಮೇಲೆ ಸುಮಾರು 32 ವೋಲ್ಟ್ ಡಿಸಿ, ಅಲ್ಲಿಂದ ಎಲ್ಎಂ317 ರೆಗ್ಯುಲೇಟರ್ ಹಾಕಿ 24ಕ್ಕೆ ಇಳಿಸೋದು. ನಾಲ್ಕು ಚಾನೆಲ್‌ಗೆ ಅರ್ಧ ಆಂಪ್ ಅಂದ್ರೂ 8 ವೋಲ್ಟ್ ಇಳಿಸೋಕೆ ರೆಗ್ಯುಲೇಟರ್ 4 ವಾಟ್ ಬಿಸಿ ಕುಡೀತದೆ, ಹೀಟ್‌ಸಿಂಕ್ ಸರಿಯಾಗಿರಲಿ. ಫ್ಯಾಂಟಮ್‌ಗೆ (ಕಂಡೆನ್ಸರ್ ಮೈಕ್‌ಗೆ ಕೇಬಲ್‌ನಲ್ಲೇ ಕೊಡೋ 48 ವೋಲ್ಟ್) ಅದೇ ಸೆಕೆಂಡರಿಯಿಂದ ವೋಲ್ಟೇಜ್ ಡಬ್ಲರ್ ಮಾಡಿ ಟಿಎಲ್783 ರೆಗ್ಯುಲೇಟರ್ ಹಾಕಿ 48 ತೆಗೀಬಹುದು. ಫ್ಯಾಂಟಮ್ ಕೊಡೋ ಎರಡು 6.8 ಕೆ ರೆಸಿಸ್ಟರ್ ಮಾತ್ರ ಮೀಟರ್‌ನಲ್ಲಿ ಅಳೆದು ಜೋಡಿ ಮಾಡಿ, ಸ್ಟ್ಯಾಂಡರ್ಡ್ ಪ್ರಕಾರ ಎರಡರ ನಡುವೆ ವ್ಯತ್ಯಾಸ 0.4 ಪರ್ಸೆಂಟ್ ಒಳಗೇ ಇರ್ಬೇಕು. ಇಲ್ಲಾಂದ್ರೆ ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡು ಕಡೆ ಬೇರೆ ಬೇರೆ ಕರೆಂಟ್ ಹೋಗಿ ಕೋರ್ ಮ್ಯಾಗ್ನೆಟೈಸ್ ಆಗುತ್ತೆ.

ಮತ್ತೆ ದಯವಿಟ್ಟು, ಈ ಸಪ್ಲೈಯನ್ನ ಅದೇ 1ಯು ಡಬ್ಬದೊಳಗೆ ಹಾಕ್ಬೇಡಿ. 1ಯು ಅಂದ್ರೆ 44 ಮಿಲಿಮೀಟರ್ ಎತ್ತರ, ಅದರಲ್ಲಿ ಮೇನ್ಸ್ ಟೊರಾಯ್ಡ್ ಎಲ್ಲಿಟ್ರೂ ಯಾವುದೋ ಒಂದು ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಪಕ್ಕದ ಮನೆ. ಬೇರೆ ಡಬ್ಬ, ಮಧ್ಯೆ ಒಂದು ಮೀಟರ್ ಕೇಬಲ್, ನಾಲ್ಕು ಪಿನ್ ಎಕ್ಸ್ಎಲ್ಆರ್ ಕನೆಕ್ಟರ್. ಮೂರು ಪಿನ್‌ದು ಹಾಕಿದ್ರೆ ಒಂದಿನ ಯಾರೋ ಅದಕ್ಕೆ ಮೈಕ್ ಸಿಗಿಸ್ತಾರೆ.

ತಂತಿಗೂಡು:
ತುಂಬಾ ಥ್ಯಾಂಕ್ಸ್ ಅಣ್ಣ, ಮಾವನವರಿಗೂ. ಸರಿ ಸಪ್ಲೈ ಹೊರಗೆ, ಡಬ್ಬ 2ಯು ಮಾಡ್ತೀನಿ, ಗಾಳಿಗೂ ಜಾಗ ಸಿಗುತ್ತೆ. ಗ್ರೌಂಡ್ ಹೇಗೆ ಕೊಡೋದು ಅನ್ನೋದೇ ಗೊಂದಲ, ಒಬ್ಬೊಬ್ರು ಒಂದೊಂದು ಹೇಳ್ತಾರೆ. ಆಮೇಲೆ ಗೇನ್‌ಗೆ ಪಾಟ್ ಸಾಕಾ?

ಮಲ್ಟಿಮೀಟರ್_ಮಾವ:
ಗೇನ್‌ಗೆ ಪಾಟ್ ಹಾಕ್ಬಹುದು, ಆದ್ರೆ ಪೂರ್ತಿ ಗೇನ್ ಎಲ್ಲಾ ಕೊನೇ ಚೂರಲ್ಲಿ ಬಂದು ಗುಡ್ಡೆ ಬೀಳುತ್ತೆ, ನಾಲ್ಕು ಚಾನೆಲ್ ಮ್ಯಾಚ್ ಮಾಡೋಕೂ ಆಗಲ್ಲ. ರೋಟರಿ ಸ್ವಿಚ್, ಮೆಟ್ಟಿಲಿಗೆ 5 ಡಿಬಿ, ಶಾರ್ಟಿಂಗ್ ಟೈಪ್‌ದು (ಮುಂದಿನ ಕಾಂಟ್ಯಾಕ್ಟ್ ತಾಗಿದ್ಮೇಲೇ ಹಿಂದಿನದು ಬಿಡೋದು) ಕೇಳಿ ತಗೋ, ಇಲ್ಲಾಂದ್ರೆ ತಿರುಗಿಸಿದಾಗೆಲ್ಲ ಸ್ಪೀಕರ್ ಟಪ್ ಅನ್ನುತ್ತೆ.

ಗ್ರೌಂಡ್‌ಗೆ: ಎಕ್ಸ್ಎಲ್ಆರ್ ಪಿನ್ 1 ನೇರ ಚಾಸಿಗೆ, ಕನೆಕ್ಟರ್ ಪಕ್ಕದಲ್ಲೇ, ಗಿಡ್ಡ ತಂತಿ. ಅದನ್ನ ಕಾರ್ಡ್‌ನ 0 ವೋಲ್ಟ್‌ಗೆ ತಗೊಂಡು ಹೋಗ್ಬೇಡ. ನೀಲ್ ಮನ್ಸಿ ಅನ್ನೋ ಆಡಿಯೋ ಎಂಜಿನಿಯರ್ 1995ರಲ್ಲೇ ಇದನ್ನ ಬರೆದಿಟ್ಟಿದಾರೆ, ಆದ್ರೂ ಜನ ಇನ್ನೂ ತಪ್ಪಾಗೇ ಕಟ್ತಾರೆ. ಪ್ರತಿ ಕಾರ್ಡ್‌ನ 0 ವೋಲ್ಟ್ ಬೇರೆ ಬೇರೆ ತಂತಿಯಲ್ಲಿ ಒಂದೇ ಜಾಗಕ್ಕೆ ಬರ್ಲಿ, ಆ ಜಾಗದಿಂದ ಚಾಸಿಗೆ ಒಂದೇ ಕಡೆ ಸೇರಿಸು. ಮೇನ್ಸ್ ಅರ್ಥ್ ಸಪ್ಲೈ ಡಬ್ಬದ ಚಾಸಿಗೆ ಬೋಲ್ಟ್ ಹಾಕಿ ಕೂರಿಸು, ಹಮ್ ಬಂತು ಅಂತ ಅದನ್ನ ಮಾತ್ರ ಯಾವತ್ತೂ ಕತ್ತರಿಸ್ಬೇಡ. ಮೊದಲ್ನೇ ಸಲ ಮೇನ್ಸ್ ಕೊಡುವಾಗ ಸೀರೀಸ್‌ನಲ್ಲಿ ಒಂದು ಬಲ್ಬ್ ಹಾಕಿ (ಶಾರ್ಟ್ ಇದ್ರೆ ಕರೆಂಟ್ ತಡೆಯೋಕೆ), ಗೊತ್ತಿರೋರು ಒಬ್ರು ಪಕ್ಕದಲ್ಲಿರಲಿ.

ಹಮ್ ಬಂದೇ ಬಂತು ಅಂದ್ರೆ ಮೊದ್ಲು ರೆಕಾರ್ಡ್ ಮಾಡಿ ಫ್ರೀಕ್ವೆನ್ಸಿ ನೋಡು. 50 ಹರ್ಟ್ಸ್ ದಪ್ಪ ಗುಂಯ್ ಆದ್ರೆ ಯಾವುದೋ ಟ್ರಾನ್ಸ್‌ಫಾರ್ಮರ್‌ನ ಫೀಲ್ಡು, ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ತಿರುಗಿಸಿ ನೋಡು, ಯಾವ ಕೋನದಲ್ಲಿ ಕಮ್ಮಿ ಆಗುತ್ತೋ ಅಲ್ಲೇ ಬಿಗಿ. 100 ಹರ್ಟ್ಸ್ ಚರ್‌ಚರ್ ಆದ್ರೆ ರೆಕ್ಟಿಫೈಯರ್ ಕಡೆಯಿಂದ, ಇಲ್ಲಾ 0 ವೋಲ್ಟ್ ತಂತಿ ದಾರಿ ತಪ್ಪಿದೆ.

ಅರ್ಥ್‌ಲೂಪ್:
ಇದೊಂದು ಮರೀಬೇಡಿ, ಈ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 600 ಓಮ್ ಲೋಡ್ ನೋಡೋ ಕಾಲದ್ದು, ಈಗಿನ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರ್‌ಗೆ ರೆಕಾರ್ಡ್ ಮಾಡೋ ಡಬ್ಬ) ಇನ್‌ಪುಟ್ 10 ಕೆ ಅಥವಾ ಇನ್ನೂ ಜಾಸ್ತಿ ಇರುತ್ತೆ, ಹಾಗೆ ಬಿಟ್ರೆ ಮೇಲಿನ ಫ್ರೀಕ್ವೆನ್ಸಿ ಎದ್ದು ನಿಲ್ಲುತ್ತೆ. ಔಟ್‌ಪುಟ್ ಪಿನ್ 2 ಮತ್ತೆ 3ರ ಮಧ್ಯೆ 620 ಓಮ್ ರೆಸಿಸ್ಟರ್, ಒಂದು ಸ್ವಿಚ್ ಜೊತೆ. ಹಾಕಿ, ತೆಗೆದು ಎರಡೂ ಕೇಳಿ ನೋಡಿ, ಕೆಲವು ಮೈಕ್‌ಗೆ ಲೋಡ್ ಇಲ್ದೇನೇ ಚೆನ್ನಾಗಿರುತ್ತೆ.