ಹಳೆಯ ಪೋರ್ಷೆ 911: 2.7, ಎಸ್‌ಸಿ, 3.2 – ಯಾವ ವರ್ಷದ ಎಂಜಿನ್ ನಂಬಬಹುದು?

ಪ್ರಶ್ನೆ: ಒಂದು ಹಳೆಯ 911 ಕೊಳ್ಳಬೇಕು ಅಂತ ವರ್ಷಗಳಿಂದ ದುಡ್ಡು ಕೂಡಿಡುತ್ತಾ ಬಂದಿದ್ದೇನೆ. ಈಗ ಮೂರು ಕಾರು ಕಣ್ಣಿಗೆ ಬಿದ್ದಿವೆ. 1976ರ 2.7 (ಲೀಟರ್ ಎಂಜಿನ್), 1982ರ ಎಸ್‌ಸಿ, 1987ರ 3.2 ಕ್ಯಾರೆರಾ. ಹೊರಗಿನಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎಂಜಿನ್‌ನಲ್ಲಿ ಎಷ್ಟು ವ್ಯತ್ಯಾಸ ಇದೆ? ಓಡಿಸಿದವರು ದಯವಿಟ್ಟು ಹೇಳಿ.

ಎಸ್‌ಸಿ ಇಟ್ಟುಕೊಂಡವರು:

ಹನ್ನೊಂದು ವರ್ಷದಿಂದ ನನ್ನ ಹತ್ತಿರ ಎಸ್‌ಸಿ ಇದೆ. ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಮೊದಲೇ ಗೊತ್ತಿರಲಿ.

ಮೊದಲು ಕೇಳಬೇಕಾದದ್ದು ಹಾರ್ಸ್‌ಪವರ್ ಅಲ್ಲ, ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಮುಖ್ಯ ಕವಚ) ಯಾವ ಲೋಹದ್ದು ಅಂತ. 2.7ರದ್ದು ಮೆಗ್ನೀಸಿಯಂ. ಹಗುರ, ಆದರೆ ಮೆತ್ತಗೆ. ಎಂಜಿನ್ ಕಾದಾಗ ಸಿಲಿಂಡರ್‌ಗಳು ಹಿಗ್ಗಿ ಹೆಡ್ ಸ್ಟಡ್‌ಗಳನ್ನು (ಸಿಲಿಂಡರ್ ಹೆಡ್ಡನ್ನು ಕೇಸಿಗೆ ಬಿಗಿಯುವ ಉದ್ದ ಬೋಲ್ಟುಗಳನ್ನು) ಎಳೆಯುತ್ತವೆ. ವರ್ಷಗಟ್ಟಲೆ ಹೀಗೆ ಎಳೆದು ಎಳೆದು ಕೇಸಿನಲ್ಲಿ ಸ್ಟಡ್ ಕೂತಿರುವ ತಿರುಪಿನ ಮರೆಯೇ ಕಿತ್ತು ಬರುತ್ತದೆ. ಅಮೆರಿಕಕ್ಕೆ ಹೋದ ಆ ಕಾಲದ ಹಲವು ಕಾರುಗಳಲ್ಲಿ ಹೊಗೆ ಕಡಿಮೆ ಮಾಡಲು ಥರ್ಮಲ್ ರಿಯಾಕ್ಟರ್ ಇತ್ತು. ಅದು ಎಂಜಿನ್ ಅಡಿಯಲ್ಲೇ ಕೂತು ಬಿಸಿ ಇನ್ನೂ ಏರಿಸುತ್ತಿತ್ತು. ನೀವು ನೋಡಿರುವ 1976ರ ಕಾರು ಯಾವ ಮಾರುಕಟ್ಟೆಯದು ಅಂತ ಇವತ್ತೇ ಕೇಳಿ.

1978ರಲ್ಲಿ ಎಸ್‌ಸಿ ಬಂತು. 3 ಲೀಟರ್, ಅಲ್ಯೂಮಿನಿಯಂ ಕೇಸು. ಮರೆ ಕಿತ್ತುಬರುವ ತಲೆನೋವು ಅಲ್ಲಿಗೆ ಮುಗಿಯಿತು. ಹಾಗಂತ ಸುಮ್ನೆ ಕಣ್ಣುಮುಚ್ಚಿ ಕೊಳ್ಳಬೇಡಿ, ಮೂರು ಕಡೆ ನೋಡಿ. ಕೆಳಗಿನ ಸಾಲಿನ ಸ್ಟಡ್‌ಗಳು ಮುರಿಯುತ್ತವೆ. ಕೆಳಗಿನ ವಾಲ್ವ್ ಕವರ್ ಬಿಚ್ಚಿಸಿ, ಮುರಿದಿದ್ದರೆ ತುಂಡು ಅಲ್ಲೇ ಬಿದ್ದಿರುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಬ್ಯಾಕ್‌ಫೈರ್ ಆದರೆ ಎಂಜಿನ್‌ಗೆ ಗಾಳಿ ಹೋಗುವ ಪ್ಲಾಸ್ಟಿಕ್ ಏರ್‌ಬಾಕ್ಸ್ ಸೀಳುತ್ತದೆ. ಅದಕ್ಕೆ ಒತ್ತಡ ಏರಿದಾಗ ತೆರೆದುಕೊಳ್ಳುವ ಪಾಪ್‌ಆಫ್ ವಾಲ್ವ್ ಹಾಕಿದ್ದಾರಾ ನೋಡಿ, ಚಿಕ್ಕ ಖರ್ಚು, ದೊಡ್ಡ ನೆಮ್ಮದಿ.

ಮೂರನೆಯದಕ್ಕೆ ಭಯಪಡಲೇಬೇಕು. ಅದು ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಇಡುವ ಟೆನ್ಷನರ್. ಹಳೆಯ ಬಗೆಯದು ಕೈಕೊಟ್ಟರೆ ಚೈನ್ ಸಡಿಲವಾಗಿ ಹಲ್ಲು ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. 1984ರ 3.2ರಲ್ಲಿ ಎಂಜಿನ್ ಆಯಿಲ್ ಒತ್ತಡದಲ್ಲೇ ಕೆಲಸ ಮಾಡುವ ಟೆನ್ಷನರ್ ಕೊಟ್ಟರು. ಅದನ್ನು ಎಸ್‌ಸಿಗೂ ಕೂರಿಸಬಹುದು, ಬಹಳ ಜನ ಕೂರಿಸಿದ್ದಾರೆ. ಎರಡೂ ಬದಿಯ ಚೈನ್ ಕವರ್‌ಗೆ ತೆಳುವಾದ ಆಯಿಲ್ ಪೈಪ್ ಹೋಗಿದ್ದರೆ ಆ ಕೆಲಸ ಆಗಿದೆ ಅಂತ ಅರ್ಥ. ನಾನು ಕಾರು ಕೊಂಡ ಮೊದಲ ತಿಂಗಳೇ ಇದನ್ನು ಮಾಡಿಸಿದೆ. ಆಮೇಲೆ ಎಂಜಿನ್‌ನಿಂದ ಒಂದು ಸಣ್ಣ ಸದ್ದು ಬಂದರೂ ಎದೆ ಝಲ್ಲೆನ್ನುವುದು ನಿಂತಿತು.

ಇನ್ನೊಂದು ಮಾತು. ಎಸ್‌ಸಿ ಎಲ್ಲ ವರ್ಷವೂ ಒಂದೇ ಅಲ್ಲ. ಯುರೋಪಿನಲ್ಲಿ ಮೊದಲು 180 ಹಾರ್ಸ್‌ಪವರ್, 1980ಕ್ಕೆ 188, 1981ರಿಂದ 204. ಅಮೆರಿಕದಲ್ಲಿ ಕೊನೆವರೆಗೂ 180. 204ರ ಎಂಜಿನ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಅದಕ್ಕೆ ಒಳ್ಳೆಯ ಪೆಟ್ರೋಲೇ ಬೇಕು. ಮಾರುವವರ ಮಾತು ಬಿಡಿ, ಫ್ಯಾನ್ ಪಕ್ಕದಲ್ಲಿ ಕೇಸಿನ ಮೇಲೆ ಹೊಡೆದಿರುವ ನಂಬರ್ ಓದಿ. 930/10 ಇದ್ದರೆ 204ರದ್ದು.

3.2 ಓಡಿಸುವವರು:

ನನ್ನ ಓಟು 1987ಕ್ಕೆ. ಇಂಧನ, ಇಗ್ನಿಷನ್ ಎರಡನ್ನೂ ನೋಡಿಕೊಳ್ಳುವ ಕಂಪ್ಯೂಟರ್ ಮೋಟ್ರಾನಿಕ್ ಬಂದ ಮೇಲೆ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಯುರೋಪಿನ ಕಾರಿಗೆ 231 ಹಾರ್ಸ್‌ಪವರ್. ಅಮೆರಿಕದ್ದಕ್ಕೆ 1986ರ ತನಕ 207, ಆಮೇಲೆ 217. 1987ರಲ್ಲೇ ಜಿ50 ಗೇರ್‌ಬಾಕ್ಸ್, ಹೈಡ್ರಾಲಿಕ್ ಕ್ಲಚ್ ಬಂದವು. ಹಳೆಯ 915 ಗೇರ್‌ಬಾಕ್ಸಿಗೆ ತಾಳ್ಮೆ ಬೇಕು, ಜಿ50ಗೆ ಬೇಡ. ವಿಐಎನ್‌ನ (ಕಾರಿನ ಚಾಸಿ ನಂಬರ್‌ನ) ಹತ್ತನೆಯ ಅಕ್ಷರ ನೋಡಿ. ಜಿ ಇದ್ದರೆ 1986, ಎಚ್ ಇದ್ದರೆ 1987. ಹಿಂದಿನ ವರ್ಷದ ಕಾರು 1987ರಲ್ಲಿ ನೋಂದಣಿ ಆಗಿರಬಹುದು, ಅಲ್ವಾ?

ಇದರ ದೌರ್ಬಲ್ಯ ವಾಲ್ವ್ ಗೈಡ್, ಅಂದರೆ ವಾಲ್ವ್‌ನ ಕಡ್ಡಿ ಓಡಾಡುವ ಕೊಳವೆ. ಸವೆದರೆ ಆಯಿಲ್ ಕುಡಿಯುತ್ತದೆ. ಕಂಪ್ರೆಷನ್ ಟೆಸ್ಟ್, ಸಿಲಿಂಡರ್‌ನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್ ಎರಡನ್ನೂ ಮಾಡಿಸಿ. ಆದರೆ ಸವೆದ ಗೈಡ್ ಅವುಗಳಲ್ಲಿ ಸಿಕ್ಕಿಬೀಳದೇ ಇರಬಹುದು. ಅದಕ್ಕೇ ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕುತ್ತಾರೆ ಅಂತ ಬಿಡದೆ ಕೇಳಿ. ಆಯಿಲ್ ಮಟ್ಟ ನೋಡುವಾಗ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಓಡುತ್ತಿರಬೇಕು, ನೆಲ ಸಮವಾಗಿರಬೇಕು. ನಾನು ಹೊಸದರಲ್ಲಿ ಇದು ಗೊತ್ತಿಲ್ಲದೆ ತಣ್ಣಗಿದ್ದಾಗ ನೋಡಿ, ಕಡಿಮೆ ಇದೆ ಅಂತ ಸುರಿದುಬಿಟ್ಟೆ. ಹೆಚ್ಚಾದದ್ದನ್ನು ಮತ್ತೆ ಇಳಿಸಬೇಕಾಯಿತು.

2.7 ಪ್ರೀತಿಸುವವರು:

ಎಲ್ಲರೂ ಸೇರಿ 2.7 ಅನ್ನು ಪೂರ್ತಿ ತಳ್ಳಿಹಾಕಬೇಡಿ. ಒಮ್ಮೆ ಎಂಜಿನ್ ಬಿಚ್ಚಿ, ಕೇಸಿಗೆ ಉಕ್ಕಿನ ಮರೆ ಕೂರಿಸಿ, ರಿಯಾಕ್ಟರ್ ತೆಗೆದು ಸರಿಯಾಗಿ ಕಟ್ಟಿದ್ದರೆ ಅದು ಚೆನ್ನಾಗಿಯೇ ಬಾಳುತ್ತದೆ. ಹಗುರವಾದ ಕಾರು, ತಿರುವಿನಲ್ಲಿ ಅದರ ಖುಷಿಯೇ ಬೇರೆ. ನನ್ನದನ್ನು ಹಿಂದಿನ ಮಾಲೀಕರು ಹೀಗೆ ಕಟ್ಟಿಸಿದ್ದರು. ಪ್ರತಿ ಬಿಲ್ಲು, ಬಿಚ್ಚಿಟ್ಟ ಕೇಸಿನ ಫೋಟೋ ಎಲ್ಲವನ್ನೂ ಜೋಪಾನ ಮಾಡಿದ್ದರು. ಅದನ್ನು ನೋಡಿಯೇ ಕೊಂಡೆ. ನಿಮ್ಮ 1976ರ ಕಾರಿಗೂ ಅಂಥ ಕಾಗದ ಇದ್ದರೆ ಮಾತಾಡಿ. ಬಾಯಿಮಾತಿನಲ್ಲಿ 'ಎಂಜಿನ್ ಕೆಲಸ ಆಗಿದೆ' ಅಂದರೆ, ಆಗಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಹೇಳಿ.