ಮೈನಸ್ 25ರ ಚಳಿಗಾಲಕ್ಕೆ ಮನೆ, ಮೈ, ಕಾರು ಸಿದ್ಧ ಮಾಡಿಕೊಳ್ಳೋದು ಹೇಗೆ?

ಪ್ರಶ್ನೆ: ಈ ಸಲ ಚಳಿಗಾಲ ಪೂರ್ತಿ ಮೈನಸ್ 25 ಡಿಗ್ರಿವರೆಗೆ ಇಳಿಯುವ, ಮೊಣಕಾಲುದ್ದ ಹಿಮ ಬೀಳುವ ಜಾಗದಲ್ಲಿ ಇರಬೇಕಾಗಿದೆ. ಬಾಡಿಗೆ ಮನೆ, ಹಳೇ ಪೆಟ್ರೋಲ್ ಕಾರು, ಜೊತೆಗೆ ಒಂದು ವರ್ಷದ ಮಗು. ಏನು, ಎಷ್ಟು, ಯಾಕೆ ಅಂತ ಬಿಡಿಸಿ ಹೇಳಿ.

ಉತ್ತರ: ಮೊದಲು ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ಹುಡುಕಿ, ಕೈಯಾರೆ ತಿರುಗಿಸಿ ನೋಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವ್ ಬಿಗಿದುಕೊಂಡಿರುತ್ತೆ. ಪೈಪ್ ಒಡೆದ ರಾತ್ರಿ ಅದು ಗೊತ್ತಾದರೆ ಏನೂ ಉಪಯೋಗವಿಲ್ಲ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಆದರೆ ಪೈಪ್ ಎಷ್ಟೋ ಸಲ ಒಡೆಯೋದು ಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಒತ್ತಡ ಏರಿ, ಅಲ್ಲಿ ಸೀಳುತ್ತೆ. ನಲ್ಲಿಯಿಂದ ಹನಿ ಬಿಡಿ ಅನ್ನೋದು ಮುಖ್ಯವಾಗಿ ಇದಕ್ಕೇ, ಒತ್ತಡ ಹೊರಹೋಗೋಕೆ ದಾರಿ ಇರಲಿ ಅಂತ. ಹೊರಗೋಡೆಗೆ ತಾಗಿದ ನಲ್ಲಿಗಳಲ್ಲಿ ಬಿಸಿ, ತಣ್ಣೀರು ಎರಡನ್ನೂ ಹನಿಯಲು ಬಿಡಿ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಕೋಣೆಯ ಬಿಸಿ ಒಳಗೆ ಹೋಗಲಿ. ಊರಿಗೆ ಹೋಗುವಾಗಲೂ ಹೀಟರನ್ನು 13 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ತೋಟದ ನಲ್ಲಿಗೆ ಸಿಕ್ಕಿಸಿದ ಹೋಸ್ ಪೈಪನ್ನು ಹಿಮ ಬೀಳುವ ಮೊದಲೇ ಬಿಚ್ಚಿ, ಒಳಗಿನ ವಾಲ್ವ್ ಮುಚ್ಚಿ, ಉಳಿದ ನೀರು ಖಾಲಿ ಮಾಡಿ.

ನಲ್ಲಿಯಲ್ಲಿ ನೀರು ನಿಂತೇಬಿಟ್ಟರೆ ನಲ್ಲಿ ತೆರೆದಿಟ್ಟು, ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಹಿಂದಕ್ಕೆ ನಿಧಾನವಾಗಿ ಬಿಸಿ ಮಾಡುತ್ತಾ ಬನ್ನಿ. ನಡುವಿನಿಂದ ಶುರು ಮಾಡಿದರೆ ಕರಗಿದ ನೀರಿಗೆ ಹೊರಬರಲು ದಾರಿ ಇರಲ್ಲ. ಬೆಂಕಿ, ಬ್ಲೋ ಟಾರ್ಚ್ ಖಂಡಿತ ಬೇಡ. ಕರಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಪೈಪಿನ ಉದ್ದಕ್ಕೂ ಕೈಯಾಡಿಸಿ. ಸೀಳು ಬಿಟ್ಟಿದ್ದರೂ ಅಲ್ಲಿವರೆಗೆ ಗಡ್ಡೆಯೇ ಬಿರಡೆಯಂತೆ ತಡೆದಿರುತ್ತೆ, ಸೋರೋದು ಆಮೇಲೆ.

ಉತ್ತರ: ಬಟ್ಟೆಯ ವಿಷಯ. ಮೈಗೆ ತಾಗುವ ಪದರ ಹತ್ತಿಯದ್ದಾಗಿರಬಾರದು. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತೆ, ಒದ್ದೆ ಬಟ್ಟೆ ಮೈ ಬಿಸಿಯನ್ನು ಎಳೆದುಬಿಡುತ್ತೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಗೆ, ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ) ಅಥವಾ ದಪ್ಪ ಉಣ್ಣೆ ನಡುವೆ, ಗಾಳಿ ತಡೆಯುವ ಜಾಕೆಟ್ ಮೇಲೆ. ಹೊರಗೆ ಕೆಲಸ ಮಾಡೋಕೆ ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು. ಹೊರಡುವಾಗಲೇ ಬೆಚ್ಚಗಿದ್ದರೆ ಹತ್ತು ನಿಮಿಷದಲ್ಲಿ ಬೆವರುತ್ತೀರಿ. ಬಿಗಿಯಾದ ಬೂಟಿಗೆ ಎರಡು ಜೊತೆ ಕಾಲ್ಚೀಲ ತುರುಕಬೇಡಿ, ರಕ್ತ ಓಡಾಡದೆ ಬೆರಳು ಇನ್ನೂ ತಣ್ಣಗಾಗುತ್ತೆ. ಬೆರಳು ಬೆರಳಿಗೂ ಬೇರೆ ಇರುವ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಚೀಲದಂಥ ಗವಸು ಹೆಚ್ಚು ಬೆಚ್ಚಗೆ.

ಮಗುವಿಗೆ: ಕಾರಿನ ಸೀಟಿನಲ್ಲಿ ದಪ್ಪ ಜಾಕೆಟ್ ತೊಡಿಸಿ ಬೆಲ್ಟ್ ಕಟ್ಟಬೇಡಿ. ಅಪಘಾತವಾದರೆ ಜಾಕೆಟ್ ಒತ್ತಿಹೋಗಿ ಬೆಲ್ಟ್ ಸಡಿಲವಾಗುತ್ತೆ. ತೆಳು ಬಟ್ಟೆಯ ಮೇಲೆ ಬೆಲ್ಟ್ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಿ.

ಉತ್ತರ: ಹಿಮಕಡಿತ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟೋದು, ಅದರ ಗುರುತು ಎಲ್ಲರೂ ತಿಳಿದಿರಬೇಕು. ಮೂಗಿನ ತುದಿ, ಕಿವಿ, ಬೆರಳುಗಳಿಗೆ ಮೊದಲು ಚುಚ್ಚಿದ ಹಾಗೆ ನೋವು. ಆಮೇಲೆ ನೋವು ನಿಲ್ಲುತ್ತೆ. ನಿಂತಿತು ಅಂತ ಸಮಾಧಾನ ಪಡಬೇಡಿ, ಅಪಾಯ ಶುರುವಾಗೋದೇ ಆಗ. ಚರ್ಮ ಬಿಳಿಚಿಕೊಂಡು ಅಥವಾ ಬೂದು ತಿರುಗಿ, ಮೇಣ ಸವರಿದ ಹಾಗೆ ಕಾಣುತ್ತೆ, ಒತ್ತಿದರೆ ಗಟ್ಟಿ. ಅದನ್ನು ಉಜ್ಜಬಾರದು, ಹಿಮದಿಂದ ತಿಕ್ಕಲೇಬಾರದು, ಒಳಗಿನ ಕೋಶಗಳು ಹರಿದುಹೋಗುತ್ತವೆ. ಬೆಂಕಿಗೂ ಹಿಡಿಯಬೇಡಿ, ಸ್ಪರ್ಶವೇ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗಲ್ಲ. 37ರಿಂದ 39 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಡಿ, ನೀರಿನ ಬಿಸಿಯನ್ನು ಬೇರೆಯವರ ಮೊಣಕೈಯಿಂದ ಪರೀಕ್ಷಿಸಿ. ಬೆರಳು ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಮಾತ್ರ ಕರಗಿಸಬೇಡಿ, ಎರಡನೇ ಸಲದ ಹಾನಿ ಇನ್ನೂ ಹೆಚ್ಚು. ಹಾಗೇ ಆಸ್ಪತ್ರೆಗೆ ಹೋಗಿ.

ನಡುಗುತ್ತಿದ್ದವರು ನಡುಕ ನಿಲ್ಲಿಸಿ ತೊದಲಲು ಶುರು ಮಾಡಿದರೆ ತುರ್ತು ಕರೆ ಮಾಡಿ. ಒದ್ದೆ ಬಟ್ಟೆ ತೆಗೆದು ಮೊದಲು ಎದೆ, ಕತ್ತು ಬೆಚ್ಚಗೆ ಮಾಡಿ, ಕೈಕಾಲು ಆಮೇಲೆ. ಮದ್ಯ ಕೊಡಬೇಡಿ, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿ ಕಳೆಯುತ್ತೆ.

ಉತ್ತರ: ಮೇಲಿನವರು ಯಾರೂ ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಹೇಳಿಲ್ಲ. ಏನಾದರೂ ಉರಿದಾಗ ಹುಟ್ಟುವ ವಿಷಾನಿಲ ಅದು, ಬಣ್ಣವಿಲ್ಲ, ವಾಸನೆಯಿಲ್ಲ. ಕರೆಂಟ್ ಹೋದಾಗ ಇದ್ದಿಲಿನ ಒಲೆ ಒಳಗೆ ತರೋದು, ಗ್ಯಾಸ್ ಒಲೆ ಉರಿಸಿಟ್ಟು ಕೋಣೆ ಕಾಯಿಸೋದು, ಗ್ಯಾರೇಜಿನಲ್ಲಿ ಜನರೇಟರ್ ಓಡಿಸೋದು, ಮೂರೂ ಪ್ರಾಣ ತೆಗೆಯುವ ತಪ್ಪುಗಳು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಲಿ. ಮಲಗುವ ಕೋಣೆ ಹತ್ತಿರ ಈ ಅನಿಲ ಪತ್ತೆಹಚ್ಚುವ, ಬ್ಯಾಟರಿಯ ಅಲಾರಂ ಹಾಕಿಸಿ. ಹಿಮ ಬಿದ್ದಾಗಲೆಲ್ಲ ಹೀಟರಿನ ಹೊಗೆ ಹೊರಹೋಗುವ ಪೈಪಿನ ಬಾಯಿ ಬಿಡಿಸಿ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರೂ ಹೊರಗೆ ಬನ್ನಿ.

ಉತ್ತರ: ಕಾರು. ಬ್ಯಾಟರಿ ನಾಲ್ಕೈದು ವರ್ಷ ಹಳೆಯದಾದರೆ ಚಳಿಗೆ ಮುಂಚೆ ಪರೀಕ್ಷೆ ಮಾಡಿಸಿ. ಮೈನಸ್ 18ರಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಎಂಜಿನ್ ಎಣ್ಣೆ ದಪ್ಪವಾಗಿ ಎಂಜಿನ್ ತಿರುಗಿಸೋಕೆ ಇನ್ನೂ ಹೆಚ್ಚು ಶಕ್ತಿ ಬೇಕಾಗುತ್ತೆ. ಪೂರ್ತಿ ಡಿಸ್ಚಾರ್ಜ್ ಆದ ಬ್ಯಾಟರಿಯೊಳಗೆ ದ್ರವ ಹೆಪ್ಪುಗಟ್ಟುತ್ತೆ. ಪಕ್ಕ ಉಬ್ಬಿದ್ದರೆ ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಗೆ ತಂತಿ ಜೋಡಿಸಿ ಚಾಲೂ ಮಾಡೋದು) ಮಾಡಬೇಡಿ, ಸಿಡಿಯಬಹುದು. ರೇಡಿಯೇಟರಿನ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟದೆ ತಡೆಯುತ್ತೆ. ಹೆಚ್ಚು ಹಾಕಿದರೆ ಇನ್ನೂ ಒಳ್ಳೇದು ಅಂದುಕೊಳ್ಳಬೇಡಿ, ಶುದ್ಧ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತೆ. ಅದು ಸಿಹಿ ವಿಷ, ಮಗುವಿನ ಕೈಗೆ ಸಿಗದ ಹಾಗೆ ಇಡಿ.

ಉತ್ತರ: ದಾರಿಯ ಮೇಲಿನ ಮಂಜುಗಡ್ಡೆ ಕರಗಿಸೋಕೆ ಉಪ್ಪು ಎರಚಿದರೆ ಸಾಕು ಅಂತ ಕೆಲವರು ಹೇಳ್ತಾರೆ. ಸಾದಾ ಉಪ್ಪು ಮೈನಸ್ 10ರ ಆಸುಪಾಸಿನಲ್ಲೇ ಸೋತುಬಿಡುತ್ತೆ. ನಿಮ್ಮ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಹಿಡಿತಕ್ಕೆ ಮರಳು. ಹಿಮ ಬೀಳುತ್ತಿರುವಾಗಲೇ ಎರಡು ಮೂರು ಸಲ ತಳ್ಳಿ ತೆಗೆಯಿರಿ. ಒಂದು ಅಡಿ ಒದ್ದೆ ಹಿಮ ಅಂದರೆ ಚದರ ಮೀಟರಿಗೆ 90 ಕಿಲೋ ಇರಬಹುದು. ಸಲಿಕೆಯಿಂದ ಎತ್ತಿ ಎಸೆಯುವ ಬದಲು ತಳ್ಳಿ, ಹೃದಯದ ತೊಂದರೆ ಇರುವವರು ಮುಟ್ಟಲೇಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಇನ್ನೊಂದು: ದಾರಿ ಮಧ್ಯೆ ಹಿಮದಲ್ಲಿ ಕಾರು ಹೂತರೆ?

ಉತ್ತರ: ಕಾರು ಬಿಟ್ಟು ನಡೆಯಬೇಡಿ. ಬೀಸುವ ಹಿಮದಲ್ಲಿ ಹತ್ತು ಹೆಜ್ಜೆ ಹೋದರೂ ದಿಕ್ಕು ತಪ್ಪುತ್ತೆ. ಸೈಲೆನ್ಸರ್ ಬಾಯಿಯ ಹಿಮ ಬಿಡಿಸಿದ ಮೇಲೇ ಎಂಜಿನ್ ಶುರು ಮಾಡಿ, ಗಂಟೆಗೆ ಹತ್ತು ನಿಮಿಷ ಓಡಿಸಿ, ಆಗ ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ಇಳಿಸಿ. ಪ್ರತಿ ಸಲ ಶುರು ಮಾಡುವ ಮೊದಲು ಮತ್ತೆ ಇಳಿದು ಸೈಲೆನ್ಸರ್ ನೋಡಿ. ಟ್ಯಾಂಕ್ ಯಾವತ್ತೂ ಅರ್ಧಕ್ಕಿಂತ ಕೆಳಗೆ ಬಿಡಬೇಡಿ. ಸಣ್ಣ ಸಲಿಕೆ, ಎರಡು ಕಂಬಳಿ, ಟಾರ್ಚ್, ಮಗುವಿನ ಒಂದು ಜೊತೆ ಒಣ ಬಟ್ಟೆ ಸೀಟಿನ ಹಿಂದೆ ಇರಲಿ. ಡಿಕ್ಕಿಯಲ್ಲಿ ಬೇಡ, ಅದರ ಬಾಗಿಲು ಹೆಪ್ಪುಗಟ್ಟಿ ತೆರೆಯದೇ ಹೋಗಬಹುದು.